ಮೊದಲು ನಿಮ್ಮ ಬೆರಳು, ಆಮೇಲೆ ನನ್ನ ಕತ್ತರಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಬೀದಿದೀಪ ಆರಿಲ್ಲ. ಕಾರು ನಿಲ್ಲಿಸಲೆಂದು ಕಟ್ಟಿಸಿ, ಕಾರೇ ಬಾರದೆ ಉಳಿದ ಕೋಣೆಯೊಂದರಲ್ಲಿ ಆಕೆ ರಬ್ಬರ್ ಹಾಸಿನ ಮೇಜನ್ನು ಒರೆಸುತ್ತಿದ್ದಾಳೆ. ಒರೆಸಿ, ಬಗ್ಗಿ ಮೂಸಿ ನೋಡುತ್ತಾಳೆ. ಸಮಾಧಾನವಾಗದೆ ಮತ್ತೆ ಒರೆಸುತ್ತಾಳೆ. ನಿನ್ನೆಯ ನಾಯಿಯ ವಾಸನೆ ಚೂರು ಉಳಿದರೂ ಇಂದಿನ ನಾಯಿ ಬೆದರುತ್ತದೆ. ಕಚ್ಚುವ ನಾಯಿಗಳಿಗೆಲ್ಲ ಈ ಹೊತ್ತೇ ಮೀಸಲು. ರಸ್ತೆಯಲ್ಲಿ ಹಾರ್ನ್ ಇರುವುದಿಲ್ಲ, ಬಾಗಿಲಲ್ಲಿ ಇನ್ನೊಂದು ಪ್ರಾಣಿ ಇರುವುದಿಲ್ಲ.

ನಾಯಿ ಬೆಕ್ಕುಗಳ ಕೂದಲು ಬಾಚಿ, ಕತ್ತರಿಸಿ, ಉಗುರು ತೆಗೆದು, ಕಿವಿ ಒರೆಸಿ ಕಳಿಸುವುದು ಆಕೆಯ ಹದಿನಾಲ್ಕು ವರ್ಷದ ಕಸುಬು. ದಿನಕ್ಕೆ ಐದಾರು ನಾಯಿ, ಹೆಚ್ಚೆಂದರೆ ಎರಡು ಬೆಕ್ಕು. ಸುತ್ತಲಿನವರು 'ಪತ್ತೇದಾರಿ ಅಕ್ಕ' ಎನ್ನುತ್ತಾರೆ. ಅದು ಹೊಗಳಿಕೆಯೋ ಗೇಲಿಯೋ ಎಂಬ ಬಗ್ಗೆ ಆಕೆಗೆ ಇನ್ನೂ ಅನುಮಾನವಿದೆ. ಬಸ್ ಓಡಿಸುವ ಗಂಡನಿಗಂತೂ ಯಾವ ಅನುಮಾನವೂ ಇಲ್ಲ. "ಪ್ರೀತಿಯಿಂದ ತಲೆ ಸವರ್ತಿದಾಳೆ ಅನ್ಕೊಂಡ್ರೆ, ಹೇನು ಹುಡುಕ್ತಿರ್ತಾಳೆ ಕಣ್ರೀ!"

ಇಂದಿನ ಮೊದಲ ಗಿರಾಕಿ ಗಡಿಯಾರ ರಿಪೇರಿಯ ತಾತ. ಕೈಯಲ್ಲಿ ಬಿಳಿ ಕೂದಲಿನ, ಜೋಲು ಕಿವಿಯ ಹೆಣ್ಣುನಾಯಿ. ಒಳಗೆ ಬಂದವರೇ ಕುರ್ಚಿ ಬೇಡವೆಂದು ಗೋಡೆಗೆ ಒರಗಿ, ಫೋನಿನ ಕ್ಯಾಮೆರಾವನ್ನು ಮೇಜಿನತ್ತ ಹಿಡಿಯುತ್ತಾರೆ. ಕಾರಣ ಆಕೆಗೆ ಗೊತ್ತು. ಕಳೆದ ತಿಂಗಳು ಒಂದು ಮನೆಯವರು, ತಮ್ಮ ನಾಯಿಯ ಕೂದಲ ಗಂಟಿನಡಿ ಮೊದಲೇ ಇದ್ದ ಹುಣ್ಣನ್ನು ಕಂಡು, ಕತ್ತರಿ ತಾಗಿಸಿದಳೆಂದು ರಂಪ ಮಾಡಿದ್ದರು. ಸುದ್ದಿ ಬೀದಿ ತುಂಬ ಹಬ್ಬಿತು. ಗಿರಾಕಿಗಳ ಮೇಲೆ ಆಕೆಯ ಅನುಮಾನವೂ ಏನೂ ಕಡಿಮೆಯಿಲ್ಲ. ಅಂದಿನಿಂದ ಹೊಸ ನಿಯಮ ತಂದಿದ್ದಾಳೆ. ಗಂಟು ಸಿಕ್ಕರೆ ಮೊದಲು ಸಾಕಿದವರ ಬೆರಳು, ಆಮೇಲೆ ಆಕೆಯ ಕತ್ತರಿ.

"ಚೆನ್ನಾಗಿ ಕಾಣೋ ಹಾಗೆ ಮಾಡಿಬಿಡಮ್ಮ. ಭಾನುವಾರ ಬೇರೆಯವರಿಗೆ ಕೊಡ್ತಿದೀವಿ" ಎನ್ನುತ್ತಾರೆ ತಾತ. ನಾಲ್ಕು ದಿನದ ಹಿಂದೆ ಅದು ಮೊಮ್ಮಗಳ ಕೈಗೆ ಬಾಯಿ ಹಾಕಿತಂತೆ. "ಆರು ವರ್ಷ ಗುರ್ ಅಂದಿದ್ದಿಲ್ಲ. ಕಾರಣಾನೇ ಇಲ್ದೆ ಕಚ್ತು. ಇನ್ನು ನಂಬೋದು ಹೇಗೆ ಅಂತಾಳೆ ಸೊಸೆ. ಅವಳ ತಪ್ಪೂ ಅಲ್ಲ ಬಿಡು." ಮಾತು ಸೊಸೆಯ ಪರವಾಗಿದೆ, ಕೈ ಮಾತ್ರ ನಾಯಿಯ ಬೆನ್ನು ಬಿಡುತ್ತಿಲ್ಲ.

ಕಾರಣವೇ ಇಲ್ಲ ಎಂಬ ಮಾತು ಕೇಳಿದರೆ ಆಕೆಯ ಕಿವಿ ನೆಟ್ಟಗಾಗುತ್ತದೆ. ನಾಯಿಯ ಕತ್ತಿನ ಬಳಿ ಮೂಗು ಇಟ್ಟು ಕೇಳುತ್ತಾಳೆ, "ನಿನ್ನೆ ಸ್ನಾನ ಮಾಡಿಸಿದ್ರಾ?"

"ಇಲ್ವಲ್ಲ."

"ಸೋಪಿನ ವಾಸನೆ ಹೊಡೀತಿದೆ, ಯಜಮಾನ್ರೇ."

ತಾತ ನೆಲ ನೋಡುತ್ತಾರೆ. "ಗಲೀಜು ನಾಯಿ ತಂದ ಅಂತೀಯೇನೋ ಅಂತ..."

ಮಾನಕ್ಕೆ ಅಂಜುವವರೆಲ್ಲ ಮಾಡುವ ತಪ್ಪು ಇದು ಎನ್ನುತ್ತಾಳೆ ಆಕೆ. ಸಿಕ್ಕು ಬಿಡಿಸದೆ ನೀರು ಹಾಕಿದರೆ ಕೂದಲು ಒಣಗುವಾಗ ಇನ್ನೂ ಬಿಗಿದು, ಚರ್ಮವನ್ನೇ ಜಗ್ಗುತ್ತದೆ. ಅದರೊಳಗೆ ತೇವ ಕೂರುತ್ತದೆ, ಚಿಗಟ ಮನೆ ಮಾಡುತ್ತದೆ, ಹುಣ್ಣಾದರೂ ಹೊರಗೆ ಕಾಣದು. ಉದ್ದ ಕೂದಲಿಗೆ ದಿನಕ್ಕೆ ಹತ್ತು ನಿಮಿಷದ ಬಾಚಣಿಗೆ, ಅದೂ ಬುಡದಿಂದ. ಉಗುರಿಗೆ ತಿಂಗಳಿಗೊಮ್ಮೆ ಕತ್ತರಿ. ಇಷ್ಟು ಮಾಡಿದರೆ ತನ್ನ ಅರ್ಧ ಕೆಲಸವೇ ಇರುವುದಿಲ್ಲವಂತೆ.

ಈ ಅನುಮಾನ ಆಕೆಗೆ ಸುಮ್ಮನೆ ಬಂದದ್ದಲ್ಲ. ಕಸುಬಿನ ಎರಡನೆಯ ವರ್ಷ ಒಂದು ಬೆಕ್ಕು ಬಂದಿತ್ತು. ಮೈ ಫಳಫಳ. ಮುಂಗಾಲೆತ್ತಿ ಕಂಕುಳು ನೋಡದೆ ಕಳಿಸಿಬಿಟ್ಟಳು. ಅಲ್ಲಿನ ಗಂಟು ಎಳೆದೂ ಎಳೆದೂ ಚರ್ಮ ಹರಿದು ಕೀವಾಗಿತ್ತು. ಬೆಕ್ಕು ಬದುಕಿತು, ಕಾಲು ಊನವಾಯಿತು. "ಅದು ನನ್ನ ಕೈ ನೆಕ್ಕಿ ಹೋಗಿತ್ತು ಗೊತ್ತಾ? ಅವತ್ತಿಂದ ಹೊಳೆಯೋ ಕೂದಲು ಕಂಡ್ರೇನೇ ಹೆದರಿಕೆ." ಹನ್ನೆರಡು ವರ್ಷವಾದರೂ ಆ ಕೊರಗು ಹಳೆಯದಾಗಿಲ್ಲ.

ಬೆರಳು ಎಡಗಿವಿಯ ತುದಿಗೆ ತಲುಪುತ್ತಲೇ ನಾಯಿ ಗುರ್ ಎಂದು ಹಲ್ಲು ತೋರಿಸುತ್ತದೆ. ತಾತ ಎರಡು ಹೆಜ್ಜೆ ಮುಂದೆ ಬರುತ್ತಾರೆ. "ಏನ್ ಮಾಡ್ದೆ ಅದಕ್ಕೆ?"

"ಫೋನ್ ಕೆಳಗಿಡಿ. ನಿಮ್ಮ ಬೆರಳು ಕೊಡಿ."

ಆಕೆ ನಾಯಿಯ ತಲೆ ಎದೆಗೊತ್ತಿ ಹಿಡಿಯುತ್ತಾಳೆ. ನಲವತ್ತು ವರ್ಷ ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದ ತಾತನ ಬೆರಳುಗಳು ಕೂದಲೊಳಗೆ ಇಳಿದು, ತಟ್ಟನೆ ನಿಲ್ಲುತ್ತವೆ. "ಏನೋ ಗಟ್ಟಿ ಇದೆ. ಬಿಸಿ ಇದೆ."

ಒಂದೊಂದೇ ಎಳೆ ಕತ್ತರಿಸುತ್ತ ಆಕೆಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಗಂಟಿನ ನಡುವೆ ಸಣ್ಣದೊಂದು ಗುಲಾಬಿ ರಬ್ಬರ್ ಬ್ಯಾಂಡ್. ಕೂದಲಿನ ಜೊತೆ ಕಿವಿಯ ಅಂಚನ್ನೂ ಬಿಗಿದು ಕೂತಿದೆ. ಸುತ್ತ ಕೆಂಪಗೆ ಬಾತುಕೊಂಡಿದೆ. ಆಕೆ ಅದನ್ನು ಕತ್ತರಿಸುತ್ತಾಳೆ, ಔಷಧಿ ಹಚ್ಚುವುದಿಲ್ಲ. "ಇನ್ನು ಇದು ಡಾಕ್ಟರ ಕೆಲಸ. ಇವತ್ತೇ ಕರ್ಕೊಂಡು ಹೋಗಿ."

ತಾತನಿಗೆ ಆ ಗುಲಾಬಿ ಬಣ್ಣದ ಗುರುತು ಸಿಗುತ್ತದೆ. ಮೂರು ವಾರದ ಹಿಂದೆ ಮೊಮ್ಮಗಳು ನಾಯಿಯ ಕಿವಿಗೆ ಜಡೆ ಹಾಕಿದ್ದಳು. ಮನೆಮಂದಿಯೆಲ್ಲ ನಕ್ಕು ಫೋಟೋ ತೆಗೆದಿದ್ದರು. ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. "ಅವಳು ಕಿವಿ ಹಿಡ್ಕೊಂಡಾಗಲೇ ಕಚ್ಚಿದ್ದು" ಎನ್ನುತ್ತಾರೆ ಮೆಲ್ಲಗೆ. ಆಮೇಲೆ ಸೊಸೆಗೆ ಫೋನ್ ಮಾಡುತ್ತಾರೆ. "ಭಾನುವಾರ ಬರ್ಬೇಡಿ ಅಂತ ಹೇಳಿಬಿಡಮ್ಮ ಅವರಿಗೆ. ತಪ್ಪು ನಮ್ದೇ. ಮಗೂನ ಬೈಬೇಡ." ಆ ಕಡೆಯಿಂದ ಸೊಸೆಯ ದನಿ: "ಮಾವ, ಮೊದಲು ಡಾಕ್ಟರಿಗೆ ತೋರ್ಸಿ. ನಾನೂ ಬರ್ತೀನಿ."

ಹೊರಡುವಾಗ ತಾತ ಬಾಗಿಲಲ್ಲಿ ನಾಯಿಯನ್ನು ಸವರುತ್ತ ನಿಲ್ಲುತ್ತಾರೆ. ಸವರುವ ಕೈ ತಡೆದು, ಬಲಗಿವಿಯ ಕೂದಲು ಬಿಡಿಸಿ, ಬುಡದವರೆಗೂ ನೋಡುತ್ತದೆ. ಏನೂ ಇಲ್ಲ. ಆದರೂ ಇನ್ನೊಮ್ಮೆ ನೋಡುತ್ತದೆ.

ಆಕೆ ಮತ್ತೆ ಮೇಜು ಒರೆಸುತ್ತಿದ್ದಾಳೆ. ಇಷ್ಟೆಲ್ಲ ಅನುಮಾನ ಪಟ್ಟು ಸುಸ್ತಾಗುವುದಿಲ್ಲವೇ ಎಂದರೆ ಬಟ್ಟೆ ಹಿಂಡುತ್ತಾಳೆ. "ಪ್ರತಿ ಸಲ ಕೈ ಹಾಕುವಾಗ ನನ್ನ ಅನುಮಾನ ಸುಳ್ಳಾಗ್ಲಪ್ಪಾ ಅಂತಾನೇ ಅನ್ಕೊಳ್ಳೋದು. ಸುಳ್ಳಾದ ದಿನ ನೆಮ್ಮದಿಯಾಗಿ ಉಣ್ತೀನಿ."