ಪಡ್ಡಿನ ಹಂಚಿನ ಮಿರ್ಚಿ

ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ತಳ್ಳುಗಾಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೊಟ್ರಬಸಮ್ಮ ಮಿರ್ಚಿ ಕರಿಯುತ್ತಾಳೆ, ಗಂಡ ಹಾಲೇಶಪ್ಪ ಮಂಡಕ್ಕಿ ಕಲಸುತ್ತಾನೆ. ಬಾಣಲೆಯಿಂದ ಇಳಿದ ಮೊದಲ ಮಿರ್ಚಿ ಅವನದೇ. ಉಪ್ಪು ಸರಿಯಿದೆಯೇ ಎಂದು ನೋಡುವ ನೆಪ. ಆ ನೋಡುವುದು ಸಂಜೆಯವರೆಗೂ ನಡೆಯುತ್ತಿತ್ತು.

ಹೋದ ಬೇಸಿಗೆಯಲ್ಲಿ ಈರುಳ್ಳಿ ಚೀಲ ಎತ್ತುವಾಗ ಅವನಿಗೆ ಎದೆ ಹಿಡಿದುಕೊಂಡಿತು. ದಾವಣಗೆರೆಯ ಡಾಕ್ಟರು ಪರೀಕ್ಷೆ ಮಾಡಿಸಿ, ರಕ್ತದಲ್ಲಿ ಕೊಬ್ಬು ವಿಪರೀತ ಏರಿದೆ, ಗುಳಿಗೆ ತಪ್ಪಿಸಬಾರದು, ಕರಿದದ್ದು ಮುಟ್ಟಬಾರದು ಎಂದರು. ಹಾಲೇಶಪ್ಪ ತಲೆಯಾಡಿಸಿ ಬಂದ. ನಾಲ್ಕನೇ ದಿನ ಕೊಟ್ರಬಸಮ್ಮ ನೀರು ತಂದು ನೋಡಿದರೆ, ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಬಿಸಿ ಮಿರ್ಚಿ ಊದುತ್ತಿದ್ದ.

ಅವಳು ಬೈಯಲಿಲ್ಲ. ಪಕ್ಕದಲ್ಲೇ ಕೂತಳು.

“ನಿಮಗೇನಾರ ಆದ್ರ ಈ ಬಾಣಲಿ ಮುಂದ ನಾ ಹೆಂಗ ಕುಂದರ್ಲಿ, ಹೇಳ್ರಿ.”

ಅವನು ಮಿರ್ಚಿಯನ್ನು ಕಾಗದದಲ್ಲಿ ಸುತ್ತಿಟ್ಟ. “ದಿನಾ ಇದರ ವಾಸನಿ ಕುಡಕಂತ ಕುಂತು, ಮನಿಗೆ ಹೋಗಿ ಸಪ್ಪನ್ನ ರೊಟ್ಟಿ ತಿನ್ನಂದ್ರ ಹೆಂಗಲೇ? ರೋಗಿ ಆಗೇಬಿಟ್ಟೀನಿ ಅನಸ್ತೈತಿ.”

ಮರುದಿನ ಬೆಳಿಗ್ಗೆ ಅವಳು ಮನೆಯ ಅಟ್ಟದಿಂದ ಪಡ್ಡಿನ ಹಂಚು ಇಳಿಸಿದಳು. ಮೆಣಸಿನಕಾಯಿಯನ್ನು ಮೂರು ತುಂಡು ಮಾಡಿ, ಹಿಟ್ಟಿನಲ್ಲಿ ಅದ್ದಿ, ಕುಳಿಗೆ ಎರಡೆರಡು ಹನಿ ಎಣ್ಣೆ ಬಿಟ್ಟು ಮುಚ್ಚಿದಳು. ಹಿಟ್ಟು ಬೆಂದಿತು, ಕಾಯಿ ಹಸಿಯಾಗಿಯೇ ಉಳಿಯಿತು. ಇನ್ನೊಂದು ದಿನ ಕಾಯಿಯನ್ನು ಮೊದಲೇ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿ, ಗರಿಗರಿಯಾಗಲಿ ಎಂದು ಕಡಲೆಹಿಟ್ಟಿಗೆ ಜೋಳದ ಹಿಟ್ಟು ಬೆರೆಸಿದಳು.

ಹಾಲೇಶಪ್ಪ ಅಗಿದು ನುಂಗಿದ. “ಪಡ್ಡು ತಿಂದಂಗಾತು. ಮಿರ್ಚಿ ಎಲ್ಲೈತಿ ಇದರಾಗ?”

ಕೊಟ್ರಬಸಮ್ಮ ಹಂಚು ತೊಳೆಯಲು ಎದ್ದಳು. ಅವಳ ಮುಖ ನೋಡಿದ ಅವನಿಗೆ ಏನನ್ನಿಸಿತೋ, ಒಲೆಯ ಹತ್ತಿರ ಬಂದು ಕೂತ. “ತಡಿ. ಕಾಯಿ ಹೊಟ್ಟಿ ಸೀಳಿ ಅಜಿವಾನ, ಹುಣಸಿಹಣ್ಣು ತುಂಬಬೇಕು. ರುಚಿ ಇರೋದು ಅಲ್ಲಿ.”

“ಉಪ್ಪು ಕಡಿಮಿ ಹಾಕ್ರಿ,” ಎಂದಳು ಅವಳು.

ಇಬ್ಬರೂ ಸೇರಿ ತುಂಬಿದರು. ಎರಡೂ ಮಗ್ಗುಲು ಕೆಂಪಗಾಗುವವರೆಗೆ ಅವಳು ಕಾದಳು. ಅವನು ಒಂದು ತಿಂದ, ಇನ್ನೊಂದಕ್ಕೆ ಕೈ ಚಾಚಿದ. ಅಂದಿನಿಂದ ಅವನ ಪಾಲಿನ ಮಂಡಕ್ಕಿಯೂ ಬದಲಾಯಿತು: ಒಂದೇ ಚಮಚ ಎಣ್ಣೆಯ ಒಗ್ಗರಣೆ, ಹುರಿದ ಶೇಂಗಾ, ಪುಟಾಣಿ ಪುಡಿ, ಕೈತುಂಬ ಈರುಳ್ಳಿ, ಲಿಂಬೆರಸ.

ಮೂರು ತಿಂಗಳ ನಂತರ ಮತ್ತೆ ದಾವಣಗೆರೆ. ಡಾಕ್ಟರು ವರದಿಯ ಹಾಳೆ ತಿರುವುವಷ್ಟು ಹೊತ್ತೂ ಕೊಟ್ರಬಸಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು.

“ಚೆನ್ನಾಗಿ ಇಳಿದಿದೆ. ಗುಳಿಗೆ ಬಿಡಬೇಡಿ. ಏನು ತಿಂತಿದೀರಿ ಈಗ?”

“ಮಿರ್ಚಿ ರಿ,” ಎಂದ ಹಾಲೇಶಪ್ಪ.

ಡಾಕ್ಟರು ಕನ್ನಡಕ ತೆಗೆದು ಕೆಳಗಿಟ್ಟರು. ಹಬೆ, ಹಂಚು, ಜೋಳದ ಹಿಟ್ಟು ಎಲ್ಲವನ್ನೂ ಕೊಟ್ರಬಸಮ್ಮ ಬಿಡಿಸಿ ಹೇಳಿದ ಮೇಲೆ ನಕ್ಕು, “ಹಾಗಾದರೆ ತಿನ್ನಲಿ, ಮಿತಿಯಲ್ಲಿ,” ಎಂದರು.

ವಾಪಸ್ ಬಸ್ಸಿನಲ್ಲಿ ಹಾಲೇಶಪ್ಪ ಅವಳ ಭುಜಕ್ಕೆ ಒರಗಿ ಗೊರಕೆ ಹೊಡೆದ. ಇಷ್ಟು ದಿನ ಅವನು ಕಣ್ಣು ಮುಚ್ಚಿದರೆ ಸಾಕು, ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಿದ್ದವಳು ಅವತ್ತು ನೋಡಲಿಲ್ಲ. ತಾನೂ ನಿದ್ದೆ ಹೋದಳು. ಎಚ್ಚರವಾದಾಗ ಹರಪನಹಳ್ಳಿ ಯಾವಾಗಲೋ ಹಿಂದೆ ಉಳಿದಿತ್ತು, ಬಸ್ಸು ಹಗರಿಬೊಮ್ಮನಹಳ್ಳಿಯಲ್ಲಿ ನಿಂತಿತ್ತು. ಇಬ್ಬರೂ ನಗುತ್ತಾ ಇಳಿದು, ಚಹಾ ಕುಡಿದು, ತಿರುಗಿ ಹೋಗುವ ಬಸ್ಸಿಗೆ ಕಾಯುತ್ತಾ ಕೂತರು.