ಮೂರನೆಯ ಪ್ರತಿಗೆ ಜಾಗ ಹುಡುಕುವ ಸಿರ್ಕ

ಕರೇಲಿಯಾ ಸೀಮೆಯ ಯೋಎನ್ಸೂ ಊರಿನಲ್ಲಿ ಇನ್ನೂ ಯಾರೂ ಕಾಫಿಗೆ ನೀರಿಟ್ಟಿಲ್ಲ. ದತ್ತಾಂಶ ಕೇಂದ್ರದ ನೆಲಮಾಳಿಗೆಯಲ್ಲಿ ಸಿರ್ಕ ವಾಟನೆನ್ ಉಣ್ಣೆಯ ಟೋಪಿ ಹಾಕಿಕೊಂಡು ದತ್ತಾಂಶ ತುಂಬಿಡುವ ಆರು ಯಂತ್ರಗಳ ಮುಂದೆ ನಿಂತಿದ್ದಾರೆ. ದೀಪಗಳೆಲ್ಲ ಹಸಿರು. ಪರದೆಯ ಮೇಲೆ ನೂರಕ್ಕೆ ನಲವತ್ತು ಭಾಗ ಖಾಲಿ ಎಂದಿದೆ. ಸಿರ್ಕ ಅದನ್ನು, ತಕ್ಕಡಿಯ ಮೇಲೆ ಬೆರಳಿಟ್ಟ ಅಂಗಡಿಯವನನ್ನು ನೋಡುವ ಹಾಗೆ ನೋಡುತ್ತಾರೆ.

"ಹಸಿರು ಅಂದ್ರೆ ಈ ಗಳಿಗೆಗೆ ಏನೂ ಆಗಿಲ್ಲ ಅಂತ, ಅಷ್ಟೆ" ಎನ್ನುತ್ತಾರೆ.

ಯಾವ ಡಿಸ್ಕಿಗೆ ಎಷ್ಟು ಹೊರೆ ಎಂದು ಅಳೆದು ಹಂಚುವುದು ಅವರ ಕೆಲಸ. ಬಂದ ದತ್ತಾಂಶವನ್ನೆಲ್ಲ ಕಂತೆಗಳಾಗಿ ಕಟ್ಟಬೇಕು. ಕಂತೆಗಳ ಸಂಖ್ಯೆ ಕಡಿಮೆಯಾದರೆ ಒಂದು ಡಿಸ್ಕು ತುಂಬಿ ಇನ್ನೊಂದು ಬರಿದಾಗಿರುತ್ತದೆ; ಹೆಚ್ಚಾದರೆ ಯಂತ್ರ ಲೆಕ್ಕವಿಡುವುದರಲ್ಲೇ ಸುಸ್ತಾಗುತ್ತದೆ. ಪ್ರತಿ ಕಂತೆಗೂ ಮೂರು ಪ್ರತಿ, ಮೂರೂ ಬೇರೆ ಬೇರೆ ಯಂತ್ರದಲ್ಲಿ. ಹಿಂದೆ ಸಹಕಾರಿ ಅಂಗಡಿಯ ಉಗ್ರಾಣದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸಿರ್ಕರಿಗೆ ಇಲ್ಲಿನ ಫ್ಯಾನುಗಳ ಗದ್ದಲದಿಂದ ಎಡಗಿವಿ ಮಂದವಾಗಿದೆ.

ಈ ವಾರ ಅವರ ನಿದ್ದೆ ಕೆಡಿಸಿರುವುದು ಕರೇಲಿಯಾದ ಅಜ್ಜಿಯರ ಶೋಕಗೀತೆಗಳು. ಅಂಟಂಟಾಗಿ ಹಾಳಾಗುತ್ತಿರುವ ಹಳೆಯ ಟೇಪುಗಳಿಂದ ಅರ್ಧ ಹಾಡುಗಳು ಈ ಯಂತ್ರಗಳಿಗೆ ಏರಿವೆ. ಉಳಿದರ್ಧ ಏರಿದೊಡನೆ, ಶುಕ್ರವಾರ, ಟೇಪುಗಳು ಸುಡುವ ಘಟಕಕ್ಕೆ ಹೋಗಬೇಕು. ಟೇಪುಗಳನ್ನಿಟ್ಟಿರುವ ಸಂಗ್ರಹಾಲಯ ತನ್ನ ಕೋಣೆ ತೆರವು ಮಾಡುತ್ತಿದೆ. ಅಲ್ಲಿನ ಎಯ್ಲಾ ರೊಂಪನೆನ್ ದಿನಾ ಫೋನು ಮಾಡುತ್ತಾರೆ: "ಎಲ್ಲಾ ಏರಿತೇನೇ? ಮೂರೂ ಕಡೆ ಇದೆಯಾ?"

"ಸುಟ್ಟು ಕೈ ತೊಳ್ಕೊಳ್ಳೋಕೆ ಎಷ್ಟು ಆತುರ ನೋಡಿ ಅವಳಿಗೆ" ಎಂದು ಸಿರ್ಕ ಗೊಣಗುತ್ತಾರೆ.

ಮೇಲಧಿಕಾರಿ ಯೌನಿ ಫ್ಲಾಸ್ಕು ಹಿಡಿದು ಇಳಿದು ಬರುತ್ತಾರೆ. ಎರಡು ಹೊಸ ದೊಡ್ಡ ಯಂತ್ರಗಳನ್ನು ತರಿಸಿದವರು ಅವರೇ.

"ಇಷ್ಟು ಜಾಗ ಇಟ್ಕೊಂಡೂ ಗುಮಾನಿನಾ? ನಿನ್ನ ನೆರಳನ್ನೂ ಎರಡು ಸಲ ಎಣಿಸ್ತೀಯ ನೀನು."

"ದೀಪ ಎರಡಿದ್ರೆ ನೆರಳೂ ಎರಡೇ ಕಣೋ. ಒಂದೊಂದು ಸಾಮಾನೂ ಮೂರು ಮನೇಲಿ ಇರ್ಬೇಕು ಅಂದ್ಕೋ. ಎರಡು ಮನೇಲಿ ದೊಡ್ಡ ಕಣಜ ಇದೆ. ಮಿಕ್ಕ ನಾಲ್ಕು ಮನೇಲಿ ಬರೀ ಬೂಟಿನ ಡಬ್ಬ. ಮೂರನೇದು ಎಲ್ಲಿ ಇಡ್ತೀಯ?"

ಯೌನಿ ಫ್ಲಾಸ್ಕಿನ ಮುಚ್ಚಳ ತಿರುವುತ್ತಾರೆ. ಕಾಫಿ ಬಗ್ಗಿಸಿ ಲೋಟವನ್ನು ಅವರ ಕೈಗಿಟ್ಟು, ದೊಡ್ಡ ಯಂತ್ರವೊಂದರ ಗುಂಡಿಯ ಮೇಲೆ ತಾವೇ ಬೆರಳಿಡುತ್ತಾರೆ. "ಇದು ಕೆಟ್ರೆ ಏನಾಗುತ್ತೆ ಅಂತ ಪರೀಕ್ಷೆ ಮಾಡೇಬಿಡೋಣ. ಬೈಗುಳ ಬಂದ್ರೆ ನನಗೇ ಬರ್ಲಿ."

ಯಂತ್ರ ಆರುತ್ತದೆ. ಅದರಲ್ಲಿದ್ದ ಪ್ರತಿಗಳಿಗೆ ಬೇರೆ ನೆಲೆ ಬೇಕು. ಇನ್ನೊಂದು ದೊಡ್ಡ ಯಂತ್ರದಲ್ಲಿ ಅದೇ ಕಂತೆಗಳ ಪ್ರತಿ ಆಗಲೇ ಇರುವುದರಿಂದ ಅವು ಹಳೆಯ ನಾಲ್ಕು ಯಂತ್ರಗಳತ್ತ ನುಗ್ಗುತ್ತವೆ. ಇಬ್ಬರೂ ಕಾಫಿ ಮುಗಿಸುವ ಮೊದಲೇ ಸಣ್ಣ ಡಿಸ್ಕೊಂದು ತುಂಬುತ್ತದೆ, ಆಮೇಲೆ ಇನ್ನೊಂದು. ಇನ್ನು ಬರೆಯಲಾಗದು ಎಂದು ಪರದೆ ಕೆಂಪಾಗುತ್ತದೆ. ಆ ಕೆಂಪಿನ ಪಕ್ಕದಲ್ಲೇ, ಉಳಿದ ದೊಡ್ಡ ಯಂತ್ರ ಅರ್ಧಕ್ಕರ್ಧ ಖಾಲಿ ಕುಳಿತಿದೆ. ಸಿರ್ಕ ಆರಿಸಿದ ಯಂತ್ರವನ್ನು ಮತ್ತೆ ಹಚ್ಚಿ, ಟೋಪಿಯನ್ನೂ ತೆಗೆಯದೆ ಸಂಗ್ರಹಾಲಯಕ್ಕೆ ನಡೆಯುತ್ತಾರೆ.

ಟೇಪಿನ ಕಪಾಟುಗಳು ಬರಿದಾಗಿವೆ. ಸಿರ್ಕ ಬಾಗಿಲಲ್ಲೇ ನಿಂತುಬಿಡುತ್ತಾರೆ.

"ಸುಟ್ಟುಬಿಟ್ಯಾ ಎಯ್ಲಾ? ಮಿಕ್ಕ ಅರ್ಧಕ್ಕೆ ನನ್ನ ಹತ್ರ ಜಾಗಾನೇ ಇಲ್ಲ."

ಎಯ್ಲಾ ಕರೇಲಿಯನ್ ಕಡುಬಿಗೆ ಮೊಟ್ಟೆ ಕಲಸಿದ ಬೆಣ್ಣೆ ಸವರುತ್ತಲೇ ಹೇಳುತ್ತಾರೆ: "ನಿನ್ನ ಹಸಿರು ದೀಪ ನಂಬ್ಕೊಂಡು ಸುಡೋಕೆ ನನಗೇನು ತಲೆ ಕೆಟ್ಟಿದೆಯಾ? ಎಲ್ಲಾ ನಮ್ಮನೆ ಸೌನಾದಲ್ಲಿದೆ. ಹಬೇಲಿ ಬೆವರೋಕೆ ಕೂರೋ ಜಗಲಿ ತುಂಬಾ ಪೆಟ್ಟಿಗೆ. ಎರಡು ತಿಂಗಳಿಂದ ಒಲೆ ಹಚ್ಚಿಲ್ಲ. ನನ್ನ ಗಂಡ ಈಜುಕೊಳಕ್ಕೆ ಹೋಗಿ ಸ್ನಾನ ಮಾಡಿ ಬರ್ತಾನೆ, ನನ್ನ ಜೊತೆ ಮಾತು ಬಿಟ್ಟಿದ್ದಾನೆ."

ಸಿರ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಎಯ್ಲಾ ಕಡುಬಿನ ತಟ್ಟೆಯನ್ನು ಅವರ ಮುಂದಕ್ಕೆ ಸರಿಸುತ್ತಾರೆ.

ಮೂರನೆಯ ದೊಡ್ಡ ಯಂತ್ರಕ್ಕೆ ಯೌನಿ ಅಂದೇ ಬೇಡಿಕೆ ಕಳಿಸಿದ್ದಾರೆ. ಅದು ಬಂದರೆ ಸಾಕೇ, ಇನ್ನೇನಾದರೂ ಬೇಕೇ ಎಂದು ಕೇಳಿದರೆ ಸಿರ್ಕ ಬೆರಳು ಮಡಿಸಿ ಎಣಿಸುತ್ತಾರೆ.

"ಮೂರನೇ ಪ್ರತಿ ಕೂತಿದೆ ಅಂತ ಕಣ್ಣಾರೆ ನೋಡ್ಬೇಕು. ಆಮೇಲೆ ಎಯ್ಲಾ ಮನೆ ಸೌನಾಕ್ಕೆ ಮೊದಲ ಕಟ್ಟಿಗೆ ನಾನೇ ಇಡ್ಬೇಕು."