ಚಪ್ಪಲಿ ಹಾಕಿಕೊಳ್ಳುವ ಹೊತ್ತು

ಹೋದ ತಿಂಗಳು ಮೂಡಲಗಿಯ ದವಾಖಾನೆಯೊಂದರ ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದವಳು ಅರ್ಧಕ್ಕೇ ನಿಂತೆ. ಎದೆಯ ಮೇಲೆ ಯಾರೋ ಮೊಣಕಾಲೂರಿದ ಹಾಗಾಯಿತು. ಕೈಯಲ್ಲಿ ಗ್ಯಾಸಿನ ಗುಳಿಗೆಯ ಚೀಟಿ. ಅದನ್ನು ನಾನೇ ಬರೆಸಿಕೊಂಡೆ ಎನ್ನಬೇಕು. ಡಾಕ್ಟರು ಬಾಯಿ ತೆರೆಯುವ ಮೊದಲೇ "ಗ್ಯಾಸ್ ಆಗೇತ್ರಿ ಸರ್" ಎಂದಿದ್ದೆ. ಗೋಡೆ ಹಿಡಿದು ನಿಂತಾಗ ದಸ್ತಗೀರ ಕಾಕಾ ನೆನಪಾದರು.

ನಿಮಗೆ ಅವರು ಗೊತ್ತಿರಲಿಕ್ಕಿಲ್ಲ. ಕೊಣ್ಣೂರಿನಲ್ಲಿ ಹಳೆಯ ಡಾಕ್ಟರೊಬ್ಬರ ಹತ್ತಿರ ಕಂಪೌಂಡರ್ ಆಗಿದ್ದರು. ಸೂಜಿ ಕುದಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ರೋಗಿಗಳನ್ನು ಪಾಳಿ ಹಚ್ಚಿ ಕೂರಿಸುವುದು ಎಲ್ಲ ಅವರದೇ. ಆದರೆ ರೋಗಿ ಹೊರಟನೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದರು. ತಮ್ಮ ಚಪ್ಪಲಿಯನ್ನು ಯಾರಾದರೂ ಮೆಟ್ಟಿಕೊಂಡು ಹೋದಾರೆಂಬ ಚಿಂತೆ ಇರಬೇಕು ಎಂದುಕೊಂಡಿದ್ದೆ. ಆ ಎಳೆಯ ವಯಸ್ಸಿನಲ್ಲಿ ನನಗೆ ಎಲ್ಲರ ಬಗ್ಗೆಯೂ ಹೀಗೆ ಒಂದೊಂದು ತೀರ್ಮಾನ ಇರುತ್ತಿತ್ತು.

ಒಂದು ಮುಂಜಾನೆ ಮೇಲವಂಕಿಯಿಂದ ಅಪ್ಪನನ್ನು ಅಲ್ಲಿಗೆ ಕರೆದೊಯ್ದೆ. ಕುರಿಗಳ ಹಿಂದೆ ಹೋದವನು ಎರಡು ದಿನದಿಂದ ಅರ್ಧ ದಾರಿಗೇ ಕೂತುಬಿಡುತ್ತಿದ್ದ. ಡಾಕ್ಟರ ಮುಂದೆ ಮಾತ್ರ ಪೈಲ್ವಾನ.

"ಏನಿಲ್ರಿ ಸಾಹೇಬ್ರ, ಹೊಟ್ಟ್ಯಾಗ ವಾಯು ತುಂಬೇತಿ, ಅಷ್ಟ."

ದೊಡ್ಡವರ ಹೊತ್ತು ಹಾಳು ಮಾಡಬಾರದೆಂಬ ಸಂಕೋಚ ಅವನಿಗೆ. ಅಪ್ಪನ ಮಾತು ಸುಳ್ಳೆನ್ನುವ ಧೈರ್ಯ ನನಗಿರಲಿಲ್ಲ. ಗುಳಿಗೆ ತೆಗೆದುಕೊಂಡು ಹೊರಗೆ ಬಂದೆವು. ಚಪ್ಪಲಿಗೆ ಬಗ್ಗಿದ ಅಪ್ಪ ಬಾಗಿಲ ಚೌಕಟ್ಟು ಹಿಡಿದ. ಹಣೆಯ ಮೇಲೆ ಬೆವರು.

"ನಿಂದರ್ರಿ ಅಣ್ಣಾರ," ಎಂದವರೇ ಕಾಕಾ ಒಳಗೆ ಹೋದರು.

"ಈಗ ನೋಡಿ ಕಳಿಸೇನಲ್ಲೋ ದಸ್ತಗೀರ!" ಡಾಕ್ಟರ ದನಿ ಗಡುಸಾಗಿತ್ತು.

"ಇನ್ನೊಮ್ಮೆ ನೋಡ್ರಿ ಸಾಹೇಬ್ರ. ನಂದು ತಪ್ಪಾದ್ರ ಬೈರಿ."

ಡಾಕ್ಟರು ಮತ್ತೆ ನೋಡಿದರು. ಹೃದಯದ ಬೇನೆ ಎಂದು ಹೇಳಿ, ಆಗಿಂದಾಗಲೇ ಜೀಪು ತರಿಸಿ ಗೋಕಾಕದ ದೊಡ್ಡ ದವಾಖಾನೆಗೆ ಕಳಿಸಿದರು. ಅಪ್ಪನ ತಣ್ಣನೆಯ ಕೈ ಹಿಡಿದು ಕೂತಿದ್ದೆ. ಅಷ್ಟು ಉದ್ದದ ದಾರಿಯನ್ನು ನಾನು ಇನ್ನೊಂದು ಕಂಡಿಲ್ಲ. ಅಪ್ಪ ಉಳಿದ.

ಆಮೇಲೊಮ್ಮೆ ಕಾಕಾನನ್ನು ಕೇಳಿದೆ, ನಿಮಗೆ ಹೇಗೆ ತಿಳಿಯಿತು ಎಂದು. ನಕ್ಕರು. "ಸಾಹೇಬ್ರ ಮುಂದ ಎಲ್ಲಾರೂ ಆರಾಮ ಇರ್ತಾರವಾ. ಖರೆ ಬ್ಯಾನಿ ಬಾಗಲದಾಗ ಬಗ್ಗಿ ಕಾಲ್ಮರಿ ಹಾಕೊಳ್ಳುಮುಂದ ಕಾಣ್ತೈತಿ."

ಮೂಡಲಗಿಯ ದವಾಖಾನೆಯ ಬಾಗಿಲಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ನನ್ನ ಬಿಪಿ ನೋಡಿದ್ದ ಸಹಾಯಕಿ ಹುಡುಗಿ "ಮತ್ತೇನರ ಐತೇನ್ರಿ ಅಕ್ಕಾರ?" ಎಂದು ಎರಡು ಸಲ ಕೇಳಿದ್ದಳು. ಏನಿಲ್ಲ ಎಂದಿದ್ದೆ. ಈಗ ಅವಳು ಮುಂದಿನವರ ಹೆಸರು ಕೂಗುತ್ತಿದ್ದಳು. ನಾನು ಅಪ್ಪನ ಹಾಗೆ ಸಂಕೋಚದವಳಲ್ಲ, ನಿಮ್ಮ ಮುಂದೆ ಮುಚ್ಚಿಡುವುದೇನು, ನನ್ನದು ಬರೀ ಹೆದರಿಕೆ. ನಡಿ ಗೋಕಾಕಕ್ಕೆ ಎಂದುಬಿಟ್ಟರೆ ಎಂಬ ಹೆದರಿಕೆ. ಮನೆಗೆ ಹೋಗಿ ಮಲಗಿದರೆ ಸರಿಹೋದೀತು ಎನಿಸಿತು. ಅಪ್ಪನಿಗೂ ಆ ದಿನ ಹಾಗೆಯೇ ಅನಿಸಿರಬೇಕು.

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಹಾಗೆಯೇ ಒಳಗೆ ಹೋಗಿ ಆ ಹುಡುಗಿಯ ಮೇಜು ಹಿಡಿದುಕೊಂಡೆ.

"ತಂಗಿ, ಸುಳ್ಳ ಹೇಳೇನಿ. ಮೂರ ದಿನದಿಂದ ಎದಿ ನೋಯಾಕತ್ತೇತಿ."